ಕಡಲಾಚೆಯ ಒಂಟಿ ಕೋಣೆ

ಮಂಜೇಶ್ವರದ ಮಕ್ಕಳು ವಿದ್ಯಾರ್ಜನೆಗಾಗಿ ಪರದೇಶಕ್ಕೆ ಹೊರಡುವ ಋತುವಿದು. ಪರದೇಶದ ಮಕ್ಕಳು ಮಂಗಳೂರಿನ ಬಳಿಯ ಕೊಣಾಜೆ, ದೇರಳಕಟ್ಟೆಗಳಲ್ಲಿ ಬಂದಿಳಿಯುವ ಋತುವೂ ಹೌದು. ಪೆಟ್ಟಿಗೆಯ ತೂಕವನ್ನು ಎರಡೆರಡು ಬಾರಿ ನೋಡುವ ನಾವು, ಹೊತ್ತೊಯ್ಯುವವರ ಮನಸ್ಸನ್ನು ಒಮ್ಮೆಯಾದರೂ ವಿಚಾರಿಸಿದ್ದೇವೆಯೆ?

ಆಟಿ ಕಳೆದು ಸೋಣ ತಿಂಗಳು ಕಾಲಿಟ್ಟು, ಮಳೆಯು ತನ್ನ ಮೊದಲಿನ ರೌದ್ರವನ್ನು ನೀಗಿಕೊಂಡು ಬಿಟ್ಟು ಬಿಟ್ಟು ಸುರಿಯತೊಡಗುವ ಹೊತ್ತಿಗೆ, ಮಂಜೇಶ್ವರದ ಎಷ್ಟೋ ಮನೆಗಳ ಚಾವಡಿಯಲ್ಲಿ ಒಂದೇ ಬಗೆಯ ದೃಶ್ಯವು ಕಾಣಸಿಗುತ್ತದೆ. ನಡುವೆ ಬಾಯಿ ತೆರೆದ ದೊಡ್ಡದೊಂದು ಪೆಟ್ಟಿಗೆ; ಅದರ ಸುತ್ತಲೂ ಹಲಸಿನ ಹಪ್ಪಳದ ಕಟ್ಟು, ಪ್ಲಾಸ್ಟಿಕ್ಕಿನಲ್ಲಿ ಮೂರು ಸುತ್ತು ಸುತ್ತಿದ ಮಿಡಿ ಉಪ್ಪಿನಕಾಯಿಯ ಬಾಟಲಿ, ಸಾರಿನ ಹುಡಿ, ಕುಚ್ಚಲಕ್ಕಿಯ ಚೀಲ.

ಅಪ್ಪ ಬ್ಯಾಂಕಿನ ಸಾಲಪತ್ರಗಳನ್ನು ಕಡತದಲ್ಲಿ ಜೋಡಿಸುತ್ತಿರುತ್ತಾರೆ; ಅಮ್ಮ ಇಪ್ಪತ್ತಮೂರು ಕಿಲೋ ಮೀರಿತೆಂದು ಒಂದು ಪೊಟ್ಟಣವನ್ನು ಹೊರಗಿಟ್ಟು, ಮನಸ್ಸು ತಡೆಯದೆ ಮತ್ತೆ ಒಳಗಿಡುತ್ತಾರೆ; ಅಜ್ಜಿಯೊಬ್ಬರು ಮಾತ್ರ ಯಾರೂ ಕೇಳದ ಪ್ರಶ್ನೆಯನ್ನು ಕೇಳಿಬಿಡುತ್ತಾರೆ: “ಅಲ್ಲಿ ನಿನ್ನೊಟ್ಟಿಗೆ ಯಾರುಂಟು ಮಗಾ?”

ಎಲ್ಲರೂ ನಗುತ್ತಾರೆ. ಮಗನೂ ನಗುತ್ತಾನೆ. ಆದರೆ ಆ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಕೊಲ್ಲಿಗೆ ಹೋದವರು, ಕಾಲೇಜಿಗೆ ಹೋಗುವವರು

ಈ ಸೀಮೆಗೆ ಪರದೇಶಯಾತ್ರೆಯು ನೂತನವಾದುದಲ್ಲ. ಉಪ್ಪಳ, ಕುಂಬಳೆ, ಮಂಜೇಶ್ವರಗಳ ಮನೆಗಳು ಕೊಲ್ಲಿ ರಾಷ್ಟ್ರಗಳ ದುಡಿಮೆಯನ್ನೂ, ಅದರ ಹಿಂದಿನ ವಿರಹವನ್ನೂ ಎರಡು ಮೂರು ತಲೆಮಾರುಗಳಿಂದ ಬಲ್ಲವು. ಆದರೆ ಅಂದು ದುಬಾಯಿಗೆ ಹೋದ ತಂದೆಯ ಪ್ರಯಾಣಕ್ಕೂ, ಇಂದು ಟೊರಾಂಟೊಗೋ ಟ್ಬಿಲಿಸಿಗೋ ಹೋಗುವ ಮಗಳ ಪ್ರಯಾಣಕ್ಕೂ ಅಜಗಜಾಂತರವಿದೆಯೆಂಬುದನ್ನು ನಾವು ಇನ್ನೂ ಸರಿಯಾಗಿ ಮನಗಂಡಂತೆ ತೋರುವುದಿಲ್ಲ.

ತಂದೆಗೆ ವೀಸಾ ಕಳುಹಿಸಿದವನು ಭಾವನೋ ನೆರೆಮನೆಯವನೋ ಆಗಿದ್ದನು. ವಿಮಾನದಿಂದಿಳಿದಾಗ ಅವನಿಗಾಗಿ ಕಾದಿದ್ದ ಕೋಣೆಯು ಇಕ್ಕಟ್ಟಿನದಾಗಿದ್ದಿತು ನಿಜ. ಆದರೆ ಅಲ್ಲಿ ತುಳುವೋ ಬ್ಯಾರಿಯೋ ಮಲಯಾಳವೋ ಕೇಳಿಬರುತ್ತಿದ್ದಿತು, ಸರದಿಯ ಮೇಲೆ ಅಡುಗೆ ನಡೆಯುತ್ತಿದ್ದಿತು, ಜ್ವರ ಬಂದರೆ ಗಂಜಿ ಕಾಯಿಸುವವನೊಬ್ಬನು ಇದ್ದನು. ಕಷ್ಟವು ಅಪಾರವಾಗಿದ್ದರೂ ಅದು ಹಂಚಿಕೊಂಡ ಕಷ್ಟವಾಗಿದ್ದಿತು.

ಮಗಳಿಗಾದರೋ ಅಂತರ್ಜಾಲದಲ್ಲಿ ಆರಿಸಿಕೊಂಡ ಕೋಣೆ, ಮುಖಪರಿಚಯವಿಲ್ಲದ ಸಹವಾಸಿಗಳು, ತನ್ನ ಹೆಸರನ್ನು ಉಚ್ಚರಿಸಲು ತಡವರಿಸುವ ಅಧ್ಯಾಪಕರು. ಮತ್ತು ಇದೆಲ್ಲವೂ ‘ಅದೃಷ್ಟ’ವೆಂದು ಊರಿಗೆ ಊರೇ ಹರಸಿ ಕಳುಹಿಸಿರುವಾಗ, ತನಗೆ ದುಃಖವಾಗುತ್ತಿದೆಯೆಂದು ಹೇಳಿಕೊಳ್ಳುವ ಅಧಿಕಾರವೂ ಆಕೆಗೆ ಉಳಿದಿರುವುದಿಲ್ಲ.

---
ಅಂಕಿಗಳಲ್ಲಿ

• ವಿದೇಶಾಂಗ ಸಚಿವಾಲಯದ ಲೆಕ್ಕದಂತೆ 2024ರಲ್ಲಿ ಪರದೇಶಗಳಲ್ಲಿ ಓದುತ್ತಿದ್ದ ಭಾರತೀಯರು 13 ಲಕ್ಷಕ್ಕೂ ಹೆಚ್ಚು.

• ಹಿಂದಿನ ಐದು ವರ್ಷಗಳಲ್ಲಿ 41 ದೇಶಗಳಲ್ಲಿ 633 ಭಾರತೀಯ ವಿದ್ಯಾರ್ಥಿಗಳು ಮೃತರಾದರೆಂದು 2024ರ ಜುಲೈಯಲ್ಲಿ ಲೋಕಸಭೆಗೆ ತಿಳಿಸಲಾಯಿತು. ಅನಾರೋಗ್ಯ, ಅಪಘಾತ ಮೊದಲಾದ ಕಾರಣಗಳೆಲ್ಲವೂ ಇದರಲ್ಲಿ ಸೇರಿವೆ. ಕೆನಡಾ ಒಂದರಲ್ಲೇ 172.

• ಭಾರತದಲ್ಲಿ ಓದುತ್ತಿದ್ದ ವಿದೇಶೀಯರು 2021–22ರಲ್ಲಿ 46,878. ನೂರರಲ್ಲಿ 28 ಮಂದಿ ನೇಪಾಳದವರು.
---

ಒತ್ತಡದ ಶಾಸ್ತ್ರಕಾರನೂ ಪರದೇಶಿ

ಮಾನಸಿಕ ಒತ್ತಡದ ಕುರಿತು ಇಂದು ನಾವಾಡುವ ಮಾತುಗಳ ಮೂಲವನ್ನು ಹುಡುಕಹೊರಟರೆ ಹಾನ್ಸ್ ಸೆಲ್ಯೆ ಎಂಬ ವೈದ್ಯವಿಜ್ಞಾನಿಯ ಬಳಿಗೆ ಬರಬೇಕಾಗುತ್ತದೆ. 1907ರಲ್ಲಿ ವಿಯೆನ್ನಾದಲ್ಲಿ ಜನಿಸಿದ ಈತನು 1931ರಲ್ಲಿ ವಿದ್ಯಾರ್ಥಿವೇತನವೊಂದನ್ನು ಪಡೆದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯಕ್ಕೆ ಬಂದು, ಅನಂತರ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನೆಲೆ ನಿಂತನು. ಅಲ್ಲಿಂದಲೇ 1936ರಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿಯನ್ನು ಬರೆದನು.

ಚಳಿ, ಗಾಯ, ವಿಷ, ಅತಿಶ್ರಮ ಯಾವುದೇ ಆಗಲಿ, ದೇಹವು ಅವೆಲ್ಲಕ್ಕೂ ಒಂದೇ ಕ್ರಮದಲ್ಲಿ ಪ್ರತಿಕ್ರಿಯೆ ತೋರುತ್ತದೆಂಬುದು ಅವನ ಪ್ರತಿಪಾದನೆ. ಮೊದಲು ಗಾಬರಿ, ತರುವಾಯ ಪ್ರತಿರೋಧ, ಒತ್ತಡವು ದೀರ್ಘಕಾಲ ಮುಂದುವರಿದರೆ ಕಡೆಗೆ ಬಳಲಿಕೆ. ಇಲಿಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ಈ ಕ್ರಮವನ್ನು, ಪರದೇಶದಲ್ಲಿ ಮೊದಲ ವರ್ಷ ಕಳೆದ ಯಾವ ವಿದ್ಯಾರ್ಥಿಯಾದರೂ ತನ್ನ ದಿನಚರಿಯಲ್ಲಿಯೇ ಗುರುತಿಸಿಕೊಳ್ಳಬಲ್ಲನು.

ಇನ್ನೂ ಸಮೀಪದ ಸಾಕ್ಷ್ಯವೊಂದು ನಾರ್ವೆಯಿಂದ ದೊರೆಯುತ್ತದೆ. ಫುಲ್‌ಬ್ರೈಟ್ ವೇತನದ ಮೇಲೆ ಅಮೆರಿಕಕ್ಕೆ ಹೋಗಿ ಬಂದ ಇನ್ನೂರು ಮಂದಿ ನಾರ್ವೇಜಿಯನ್ನರನ್ನು ವಿಚಾರಿಸಿ ಸ್ವೆರ್ರೆ ಲೀಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞನು 1955ರಲ್ಲಿ ಪ್ರಕಟಿಸಿದ ಲೇಖನದ ಸಾರವಿದು: ಆರು ತಿಂಗಳಿಗಿಂತ ಕಡಿಮೆ ಕಾಲ ಇದ್ದವರೂ ಹದಿನೆಂಟು ತಿಂಗಳನ್ನು ಮೀರಿ ಇದ್ದವರೂ ತಕ್ಕಮಟ್ಟಿಗೆ ಹೊಂದಿಕೊಂಡಿದ್ದರು, ನಡುವಿನ ಅವಧಿಯವರು ಮಾತ್ರ ನೊಂದಿದ್ದರು.

ನಮ್ಮ ಗದ್ದೆಗಳಲ್ಲಿ ನೇಜಿಯನ್ನು ಕಿತ್ತು ನೆಟ್ಟ ಮೇಲೆ ಅದು ಕೆಲವು ದಿನ ಹಳದಿಗಟ್ಟಿ ತಲೆಬಾಗಿ ನಿಲ್ಲುತ್ತದೆ; ಬೇಸಾಯ ಬಲ್ಲವನು ಆಗ ಅದನ್ನು ಬೈಯುವುದೂ ಇಲ್ಲ, ಕೀಳುವುದೂ ಇಲ್ಲ, ನೀರು ನಿಲ್ಲುವಂತೆ ಹುಣಿಯನ್ನು ನೋಡಿಕೊಳ್ಳುತ್ತಾನೆ. ಲೀಸ್‌ಗಾರ್ಡನು ಕಂಡುದೂ ಇದನ್ನೇ. ಅವನ ಬಳಿಕ ಬಂದ ಸಂಶೋಧಕರು ಎಲ್ಲರ ಅನುಭವವೂ ಇದೇ ರೇಖೆಯಲ್ಲಿ ಸಾಗುವುದಿಲ್ಲವೆಂದು ತೋರಿಸಿರುವುದುಂಟು. ಬಹಳ ಮಂದಿಗೆ ಮೊದಲ ವಾರಗಳೇ ಅತ್ಯಂತ ಕಠಿನವಾದುವು. ಆದರೂ ಕಷ್ಟಕ್ಕೊಂದು ಕಾಲವಿದೆ, ಆ ಕಾಲವು ಕಳೆಯುತ್ತದೆ, ಅಲ್ಲಿಯವರೆಗೆ ಆಸರೆ ಬೇಕು ಎಂಬ ತಿರುಳಿಗೆ ಅದರಿಂದ ಬಾಧೆಯಿಲ್ಲ.

ಅತ್ತವರ ಪಂಕ್ತಿ

ದುರ್ಬಲರು ಮಾತ್ರ ಹೀಗೆ ಕುಗ್ಗುತ್ತಾರೆಂಬ ಭಾವನೆ ನಮ್ಮ ಹಿರಿಯರಲ್ಲಿ ಅನೇಕರಿಗಿದೆ. ಆದರೆ 1888ರಲ್ಲಿ ಹತ್ತೊಂಬತ್ತು ತುಂಬುವ ಮೊದಲೇ ನ್ಯಾಯಶಾಸ್ತ್ರ ಕಲಿಯಲು ಲಂಡನ್ನಿಗೆ ಹೋದ ಮೋಹನದಾಸ ಗಾಂಧಿಯವರು, ರಾತ್ರಿಯ ಹೊತ್ತು ಮನೆಯ ನೆನಪಿನಿಂದ ಕಣ್ಣೀರು ಸುರಿಸುತ್ತಿದ್ದುದನ್ನು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ತಾಯಿಗಿತ್ತ ವಚನದಿಂದ ಮಾಂಸಾಹಾರವು ನಿಷಿದ್ಧ. ಹೊಟ್ಟೆ ತುಂಬ ಉಣ್ಣಲು ದಾರಿಯಿಲ್ಲ. ಅಲೆದಲೆದು ಫ್ಯಾರಿಂಗ್ಡನ್ ಬೀದಿಯಲ್ಲೊಂದು ಸಸ್ಯಾಹಾರಿ ಭೋಜನಶಾಲೆಯನ್ನು ಕಂಡ ದಿನವೇ ಅವರ ಲಂಡನ್ ವಾಸದ ದಿಕ್ಕು ಬದಲಾಯಿತು. ಊಟದೊಡನೆ ಪುಸ್ತಕ ದೊರೆಯಿತು, ಪುಸ್ತಕದೊಡನೆ ಸಸ್ಯಾಹಾರಿಗಳ ಸಂಘ, ಸಂಘದೊಡನೆ ಸ್ನೇಹಿತರು. ಯಾವ ಆಪ್ತಸಮಾಲೋಚಕನೂ ಇಲ್ಲದ ಕಾಲದಲ್ಲಿ ಒಂದು ಊಟದ ಮನೆಯೇ ಆ ಕೆಲಸವನ್ನು ಮಾಡಿತೆನ್ನಬೇಕು.

ಗಣಿತಪ್ರತಿಭೆ ಶ್ರೀನಿವಾಸ ರಾಮಾನುಜನ್ನರಿಗೆ ಆ ಭಾಗ್ಯವಿರಲಿಲ್ಲ. 1914ರಲ್ಲಿ ಕೇಂಬ್ರಿಜ್ ಸೇರಿದ ಅವರಿಗೆ ಗಣಿತಜ್ಞ ಹಾರ್ಡಿಯಂತಹ ಗುಣಗ್ರಾಹಿ ದೊರೆತರು. ಆದರೆ ಕೋಣೆಯಲ್ಲಿ ತಾವೇ ಬೇಯಿಸಿಕೊಂಡು ಉಣ್ಣುವ ಏಕಾಂತವೂ, ಯುದ್ಧಕಾಲದ ಅಭಾವವೂ, ಮನೆಯಿಂದ ಬಾರದ ಕಾಗದಗಳ ಚಿಂತೆಯೂ ಅವರ ದೇಹವನ್ನೂ ಮನಸ್ಸನ್ನೂ ಒಟ್ಟಿಗೆ ಸವೆಸಿದುವು. 1917ರಿಂದ ಚಿಕಿತ್ಸಾಲಯಗಳಲ್ಲಿ ಕಾಲ ಕಳೆದು 1919ರಲ್ಲಿ ಸ್ವದೇಶಕ್ಕೆ ಮರಳಿ, ಮರುವರ್ಷ ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಪ್ರತಿಭೆಯನ್ನು ಗುರುತಿಸುವವರಿದ್ದರೆ ಸಾಲದು, ಊಟವಾಯಿತೇ ಎಂದು ಕೇಳುವವರೂ ಇರಬೇಕೆಂಬುದಕ್ಕೆ ಇದು ಕಠೋರವಾದ ನಿದರ್ಶನ.

ಕನ್ನಡದ ಓದುಗರು ಮೂರನೆಯ ಹೆಸರೊಂದನ್ನು ತಾವೇ ನೆನೆದುಕೊಂಡಿರಬಹುದು. ಯು.ಆರ್. ಅನಂತಮೂರ್ತಿಯವರು ‘ಸಂಸ್ಕಾರ’ವನ್ನು ಬರೆದುದು ಶಿವಮೊಗ್ಗೆಯಲ್ಲಲ್ಲ, ಬರ್ಮಿಂಗ್‌ಹ್ಯಾಮಿನಲ್ಲಿ, ಸಂಶೋಧನ ವಿದ್ಯಾರ್ಥಿಯಾಗಿದ್ದಾಗ. ಹಗಲೆಲ್ಲ ಇಂಗ್ಲಿಷಿನಲ್ಲಿ ಬದುಕಬೇಕಾದವರು ಬರವಣಿಗೆಯ ಹೊತ್ತಿನಲ್ಲಿ ಮಲೆನಾಡಿನ ಅಗ್ರಹಾರಕ್ಕೆ ಹಿಂದಿರುಗಿದರು. ಎಲ್ಲರೂ ಕಾದಂಬರಿ ಬರೆಯಲಾರರು; ಆದರೆ ದಿನದಲ್ಲಿ ಒಂದು ಗಳಿಗೆಯಾದರೂ ತನ್ನ ಭಾಷೆಯಲ್ಲಿ ಉಸಿರಾಡಬೇಕೆಂಬ ಬಯಕೆಯು ಎಲ್ಲ ವಿದ್ಯಾರ್ಥಿಗಳಿಗೂ ಸಮಾನವಾದುದು.

ಮೂರು ಭಾರ

ಇಂದಿನ ವಿದ್ಯಾರ್ಥಿಯ ಮೇಲೆ ಬೀಳುವ ಭಾರಗಳಲ್ಲಿ ಹಣದ್ದು ಪ್ರಧಾನವಾದುದು. ಜೀವನವೆಚ್ಚಕ್ಕೆಂದು ವಿದ್ಯಾರ್ಥಿಯು ತೋರಿಸಬೇಕಾದ ಮೊತ್ತವನ್ನು ಕೆನಡಾ ಸರಕಾರವು 2024ರ ಆರಂಭದಲ್ಲಿ ಹತ್ತು ಸಾವಿರ ಡಾಲರುಗಳಿಂದ 20,635 ಡಾಲರುಗಳಿಗೆ ಏರಿಸಿತು. ಬ್ರಿಟನ್ನಿನಲ್ಲಿ ಪಾಠದ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ಮನೆಯ ಆಧಾರವನ್ನೋ ತೋಟವನ್ನೋ ಅಡವಿಟ್ಟು ತಂದ ಸಾಲವು, ಪ್ರತಿ ಪರೀಕ್ಷೆಯನ್ನೂ ಆಸ್ತಿಯ ವ್ಯಾಜ್ಯವನ್ನಾಗಿ ಪರಿವರ್ತಿಸಿಬಿಡುತ್ತದೆ.

ಎರಡನೆಯದು ಹೊತ್ತು. ಡಿಸೆಂಬರಿನ ಲಂಡನ್ನಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯನು ಮುಳುಗುತ್ತಾನೆ. ಟೊರಾಂಟೊದಲ್ಲಿ ತರಗತಿ ಮುಗಿಸಿ ಮನೆಯವರೊಡನೆ ಮಾತಾಡೋಣವೆಂದರೆ ಮಂಜೇಶ್ವರದಲ್ಲಿ ನಡುರಾತ್ರಿ ಮೀರಿರುತ್ತದೆ. ವರ್ಷಪೂರ್ತಿ ಬೆಳಕನ್ನೂ ಬೆವರನ್ನೂ ಕಂಡ ಕರಾವಳಿಯ ದೇಹಕ್ಕೆ ಈ ವ್ಯತ್ಯಾಸವು ಕ್ಷುಲ್ಲಕವಾದುದಲ್ಲ. ನಿದ್ರೆ ಕೆಟ್ಟಲ್ಲಿಂದ ಮಿಕ್ಕುದೆಲ್ಲವೂ ಕೆಡತೊಡಗುತ್ತದೆ.

ಮೂರನೆಯದು ಅನಿಶ್ಚಿತತೆ. ವೈದ್ಯವಿದ್ಯೆಗೆಂದು ಜಾರ್ಜಿಯಾ ಮೊದಲಾದೆಡೆಗೆ ಹೋದವರು ಪದವಿ ಪಡೆದು ಬಂದ ಮೇಲೂ ಇಲ್ಲಿ ಮುನ್ನೂರು ಅಂಕಗಳ ಅರ್ಹತಾ ಪರೀಕ್ಷೆಯಲ್ಲಿ ನೂರೈವತ್ತನ್ನು ಗಳಿಸಬೇಕು. 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿ ನವೀನ್ ಶೇಖರಪ್ಪ ಗ್ಯಾನಗೌಡರ್ ಯುದ್ಧಕ್ಕೆ ಬಲಿಯಾದ ಸುದ್ದಿಯನ್ನು ಕೇಳಿದಾಗ, ಪರದೇಶದಲ್ಲಿ ಮಕ್ಕಳಿರುವ ಪ್ರತಿ ಮನೆಯಲ್ಲಿಯೂ ಅನ್ನ ಸೇರಿರಲಿಕ್ಕಿಲ್ಲ.

ಗಡಿಯ ಈಚೆಗೆ ಬಂದವರು

ನಮ್ಮ ಮಕ್ಕಳನ್ನು ನೆನೆದು ಮರುಗುವ ನಾವು ನಮ್ಮಲ್ಲಿಗೆ ಬಂದ ಮಕ್ಕಳನ್ನು ಕಾಣುವುದು ಕಡಿಮೆ. ವರ್ಕಾಡಿಯ ದಾರಿ ಹಿಡಿದು ಮುಡಿಪು ದಾಟಿದರೆ ಕೊಣಾಜೆ. ಅಲ್ಲಿ 1980ರಲ್ಲಿ ಸ್ಥಾಪಿತವಾದ ಮಂಗಳೂರು ವಿಶ್ವವಿದ್ಯಾನಿಲಯ. ಪಕ್ಕದ ದೇರಳಕಟ್ಟೆಯಲ್ಲಿ ವೈದ್ಯಕೀಯ ವಿದ್ಯಾಲಯಗಳ ಸಾಲು, ಉತ್ತರಕ್ಕೆ ಮಣಿಪಾಲ. 1997ರಲ್ಲಿ ಆರಂಭವಾದ ಮೆಲಾಕ–ಮಣಿಪಾಲ ವೈದ್ಯಕೀಯ ವಿದ್ಯಾಲಯದ ವ್ಯವಸ್ಥೆಯಂತೆ ಮಲೇಷ್ಯಾದ ಮಕ್ಕಳು ವ್ಯಾಸಂಗದ ಪೂರ್ವಾರ್ಧವನ್ನು ಮಣಿಪಾಲದಲ್ಲಿ, ಉತ್ತರಾರ್ಧವನ್ನು ತಮ್ಮ ದೇಶದಲ್ಲಿ ಪೂರೈಸುತ್ತಿದ್ದರು.

ಆಫ್ರಿಕದ ಒಣಹವೆಯಿಂದಲೋ ಕಾಬೂಲಿನ ಹಿಮದಿಂದಲೋ ಬಂದವನು ನಮ್ಮ ಮಳೆಗಾಲದಲ್ಲಿ ಬಂದಿಳಿಯುತ್ತಾನೆ. ಒಗೆದ ಬಟ್ಟೆ ಒಣಗುವುದಿಲ್ಲ. ಗೋಡೆಗೆ ಪಾಚಿ, ಪುಸ್ತಕಕ್ಕೆ ಬೂಷ್ಟು. ಹದಿನಾಲ್ಕು ದಿನಗಳೊಳಗೆ ವಿದೇಶೀಯರ ನೋಂದಣಿಯನ್ನು ಮುಗಿಸಬೇಕು. ಮೇಷ್ಟರು ಇಂಗ್ಲಿಷಿನಲ್ಲಿ ಪಾಠ ಹೇಳಿದರೂ, ಬಸ್ಸಿನ ಕಂಡಕ್ಟರನು ತುಳುವಿನಲ್ಲಿಯೇ ಚಿಲ್ಲರೆ ಕೇಳುತ್ತಾನೆ. ಬಾಡಿಗೆಗೆ ಮನೆ ಕೇಳಿದರೆ ಮೈಬಣ್ಣವನ್ನು ನೋಡಿ ಇಲ್ಲವೆನ್ನುವವರು ನಮ್ಮಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳಬಲ್ಲವರು ಮುಂದೆ ಬರಲಿ.

2021ರ ಆಗಸ್ಟ್ 15ರಂದು, ನಾವು ಧ್ವಜಾರೋಹಣ ಮಾಡಿ ಸಿಹಿ ಹಂಚುತ್ತಿದ್ದ ದಿನವೇ, ಕಾಬೂಲು ತಾಲಿಬಾನಿನ ವಶವಾಯಿತು. ಕೊಣಾಜೆಯಲ್ಲಿ ಓದುತ್ತಿದ್ದ ಆಫ್ಘನ್ ವಿದ್ಯಾರ್ಥಿಗಳಿಗೆ ಹಿಂದಿರುಗಲು ನಾಡು ಇದ್ದೂ ಇಲ್ಲದಂತಾಯಿತು. ಮುಂದಿನ ವೀಸಾ ಏನು, ಹೆಂಡತಿ ಮಕ್ಕಳ ಗತಿಯೇನು ಎಂಬ ಚಿಂತೆಯ ನಡುವೆ ಪ್ರಬಂಧಗಳನ್ನು ಬರೆಯಬೇಕಾಯಿತು. ಇಂಥ ಹೊತ್ತಿನಲ್ಲಿ ‘ಒತ್ತಡ ನಿರ್ವಹಣೆ’ಯ ಕಾರ್ಯಾಗಾರವು ಹಾಸ್ಯಾಸ್ಪದವಾಗುತ್ತದೆ, ಬೇಕಾಗಿರುವುದು ವೀಸಾ ಅರ್ಜಿಗೆ ನೆರವಾಗುವ ಅಧಿಕಾರಿ ಮತ್ತು ಶುಲ್ಕಕ್ಕೆ ಒಂದಿಷ್ಟು ಕಾಲಾವಕಾಶ.

ಗಡಿಯೆಂದರೇನೆಂಬುದನ್ನು ಕೇರಳ–ಕರ್ನಾಟಕಗಳ ಅಂಚಿನಲ್ಲಿರುವ ಮಂಜೇಶ್ವರದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ನಿಮಿತ್ತ ಕರ್ನಾಟಕ ಸರಕಾರವು ತಲಪಾಡಿಯ ದಾರಿಯನ್ನು ಮುಚ್ಚಿದಾಗ, ದಿನವೂ ಮಂಗಳೂರಿಗೆ ಹೋಗಿ ಬರುತ್ತಿದ್ದ ರೋಗಿಗಳೂ ವಿದ್ಯಾರ್ಥಿಗಳೂ ಅರ್ಧಗಂಟೆಯ ಹಾದಿಯ ಆಚೆಗೆ ಪರದೇಶಿಗಳಾದರು. ಪ್ರಕರಣವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಛೇರಿಯಲ್ಲಿ ಮಲಯಾಳ ಎಂದು ಬೆಳೆದ ಇಲ್ಲಿಯ ಮಗುವಿಗೆ, ತನ್ನದಲ್ಲದ ಭಾಷೆಯ ಅರ್ಜಿಯ ಮುಂದೆ ತಬ್ಬಿಬ್ಬಾಗುವುದೆಂದರೇನೆಂಬುದು ಎಳವೆಯಿಂದಲೇ ಗೊತ್ತು. ಕೊಣಾಜೆಯ ವಿದೇಶೀಯ ವಿದ್ಯಾರ್ಥಿಯನ್ನು ಅರ್ಥಮಾಡಿಕೊಳ್ಳಲು ನಮಗಿಂತ ಯೋಗ್ಯರು ಯಾರಿದ್ದಾರೆ?

ಆಸರೆಯ ವಿಧಿವಿಧಾನ

ಕಾಗದದ ಮೇಲೆ ವ್ಯವಸ್ಥೆಗೆ ಕೊರತೆಯಿಲ್ಲ. ಪ್ರತಿ ವಿಶ್ವವಿದ್ಯಾನಿಲಯದಲ್ಲಿಯೂ ವಿದೇಶೀಯ ವಿದ್ಯಾರ್ಥಿಗಳಿಗಾಗಿಯೇ ಅಂತಾರಾಷ್ಟ್ರೀಯ ವ್ಯವಹಾರಗಳ ಕಛೇರಿಯೊಂದು ಇರತಕ್ಕುದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು (ಯುಜಿಸಿ) 2021ರಲ್ಲಿ ಸೂಚಿಸಿತು. 2025ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯವು ವಿದ್ಯಾರ್ಥಿಗಳ ಮಾನಸಿಕ ಸ್ವಾಸ್ಥ್ಯದ ಕುರಿತು ಹದಿನೈದು ಮಾರ್ಗಸೂಚಿಗಳನ್ನು ವಿಧಿಸಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕೆಂದಿತು.

ಆದರೆ ಬಾಗಿಲಿಗೆ ಫಲಕ ತೂಗುಹಾಕಿದ ಮಾತ್ರಕ್ಕೆ ವಿದ್ಯಾರ್ಥಿಯು ಒಳಗೆ ಬರುವುದಿಲ್ಲ. ನಮ್ಮ ಸೀಮೆಯಲ್ಲಿ ಮನಸ್ಸಿನ ವಿಷಯಕ್ಕೆ ಎರಡೇ ಕಂಬ: ಒಂದು ‘ತಲೆ ಸರಿ ಇದೆ’, ಇನ್ನೊಂದು ‘ತಲೆ ಸರಿ ಇಲ್ಲ’. ಬೀದಿಪಾಲಾದ ಮನೋರೋಗಿಗಳನ್ನು ಸಾಕಿ ಸಲಹುವ ಸ್ನೇಹಾಲಯದಂತಹ ಸಂಸ್ಥೆಯು ಮಂಜೇಶ್ವರದ ಪಾವೂರಿನಲ್ಲಿಯೇ ಇದ್ದು, ಅದರ ಸೇವೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ನಿದ್ರೆ ಬಾರದೆ, ಎದೆ ಡವಡವಿಸುತ್ತ, ತರಗತಿಗೆ ಹೋಗಲು ಭಯಪಡುವ ಇಪ್ಪತ್ತರ ಹುಡುಗನಿಗೆ ಈ ಎರಡು ಕಂಬಗಳ ನಡುವೆ ನಿಲ್ಲಲು ಜಾಗವೇ ಇಲ್ಲ.

ಇಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ದೃಷ್ಟಾಂತವು ಮನನೀಯವಾದುದು. 1970ರಲ್ಲಿ ಅಲ್ಲಿ ಆರಂಭವಾದ ‘ನೈಟ್‌ಲೈನ್’ ಎಂಬ ಸೇವೆಯಲ್ಲಿ, ತರಬೇತಿ ಪಡೆದ ವಿದ್ಯಾರ್ಥಿಗಳೇ ರಾತ್ರಿಯಿಡೀ ದೂರವಾಣಿಯ ಬಳಿ ಕುಳಿತು ಇತರ ವಿದ್ಯಾರ್ಥಿಗಳ ಅಳಲನ್ನು ಕೇಳುತ್ತಾರೆ. ಹೆಸರನ್ನು ಕೇಳುವುದಿಲ್ಲ, ಉಪದೇಶ ಮಾಡುವುದಿಲ್ಲ. ಕಛೇರಿಗಳು ಮುಚ್ಚಿದ ಮೇಲೆಯೇ ದುಃಖವು ಬಾಗಿಲು ತೆರೆಯುತ್ತದೆಂಬ ಸರಳ ಸತ್ಯವನ್ನು ಆ ಹುಡುಗರು ಅರಿತಿದ್ದರು. ಮುಂದೆ ಈ ಪದ್ಧತಿಯು ಬ್ರಿಟನ್ನಿನ ಇತರ ವಿಶ್ವವಿದ್ಯಾನಿಲಯಗಳಿಗೂ ಹಬ್ಬಿತು. ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಇದಕ್ಕೆ ತಗಲುವ ವೆಚ್ಚವು ವಾರ್ಷಿಕೋತ್ಸವದ ಚಪ್ಪರಕ್ಕಿಂತ ಹೆಚ್ಚಾಗಲಾರದು.

---
ಕರೆ ಮಾಡಲು

• ಭಾರತದಲ್ಲಿ: ಟೆಲಿ ಮಾನಸ್ 14416. ಹಗಲಿರುಳೂ ಉಚಿತ, ಕನ್ನಡ, ಮಲಯಾಳ ಎರಡೂ ಉಂಟು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮಾರ್ಗದರ್ಶಿ.

• ಕೇರಳದಲ್ಲಿ: ದಿಶ 1056.

• ಅಮೆರಿಕ ಮತ್ತು ಕೆನಡಾ: 988. ಬ್ರಿಟನ್, ಐರ್ಲೆಂಡ್: 116 123. ಆಸ್ಟ್ರೇಲಿಯಾ: 13 11 14.

• ಪರದೇಶದಲ್ಲಿರುವ ವಿದ್ಯಾರ್ಥಿಗಳು ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ದೂರುಗಳೂ ಅಲ್ಲಿಂದಲೇ ರಾಯಭಾರ ಕಛೇರಿಗೆ ತಲಪುತ್ತವೆ.
---

“ಎಲ್ಲ ಸರಿ ಉಂಟು”

ಇನ್ನು ಮನೆಯವರ ಪಾಲಿನ ಕರ್ತವ್ಯ. ರವಿವಾರದ ವಿಡಿಯೋ ಕರೆಯು ಸಾಮಾನ್ಯವಾಗಿ ಹೀಗೆ ಸಾಗುತ್ತದೆ: “ಊಟ ಆಯ್ತಾ?” “ಆಯ್ತು.” “ಓದು ಹೇಗೆ ನಡೀತಾ ಉಂಟು?” “ಎಲ್ಲ ಸರಿ ಉಂಟು ಅಮ್ಮಾ.” ಮುಂದಿನ ಇಪ್ಪತ್ತು ನಿಮಿಷ ನೆಂಟರಿಷ್ಟರ ಮದುವೆಯ ವಾರ್ತೆ. ಮಗನು ಕ್ಯಾಮೆರಾವನ್ನು ತೆರೆಯದೆ ಮಾತಾಡುತ್ತಾನೆಯೆ, ಸ್ನೇಹಿತರ ಹೆಸರೊಂದನ್ನಾದರೂ ಹೇಳುತ್ತಾನೆಯೆ, ಅಲ್ಲಿ ನಡುರಾತ್ರಿಯಾಗಿರುವಾಗಲೂ ಎಚ್ಚರವಾಗಿರುತ್ತಾನೆಯೆ ಎಂಬುದನ್ನು ಗಮನಿಸಿದರೆ, ‘ಎಲ್ಲ ಸರಿ’ ಎಂಬ ಉತ್ತರಕ್ಕಿಂತ ಹೆಚ್ಚಿನದು ತಿಳಿಯುತ್ತದೆ.

ಹೊರಡುವ ಮೊದಲೇ ಮಾಡಬಹುದಾದ ಕೆಲಸವೂ ಉಂಟು. ವಿಶ್ವವಿದ್ಯಾನಿಲಯದ ಆಪ್ತಸಮಾಲೋಚನ ಕೇಂದ್ರವು ಎಲ್ಲಿದೆ, ಕಡ್ಡಾಯ ಆರೋಗ್ಯವಿಮೆಯಲ್ಲಿ ಮನೋವೈದ್ಯರ ಶುಲ್ಕವು ಸೇರುತ್ತದೆಯೆ, ಆ ನಗರದಲ್ಲಿ ಕನ್ನಡ ಕೂಟವಿದೆಯೆ ಎಂದು ವಿಚಾರಿಸಿಡುವುದಕ್ಕೆ, ಉಪ್ಪಿನಕಾಯಿಯ ಬಾಟಲಿಯನ್ನು ಸುತ್ತುವಷ್ಟು ಹೊತ್ತೂ ಬೇಕಾಗದು.

ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿರುಗುವ ದಾರಿಯನ್ನು ಮನೆಯವರು ಮುಚ್ಚಬಾರದು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಮಂಜೇಶ್ವರದ ತರುಣನೊಬ್ಬನು ತಂದೆಯ ಅನಾರೋಗ್ಯದ ನಿಮಿತ್ತ ಪದವಿಯನ್ನು ಪೂರೈಸದೆಯೇ ಊರಿಗೆ ಮರಳಿದನು. ಇಂದು ಯಾರೂ ಅವನನ್ನು ಸೋತವನೆಂದು ಕರೆಯುವುದಿಲ್ಲ. ಮಂಜೇಶ್ವರದ ಮನೆಯಲ್ಲಿ ಕುಳಿತು ಇಪ್ಪತ್ತಕ್ಕೂ ಮಿಕ್ಕಿ ಭಾಷೆಗಳನ್ನು ವ್ಯಾಸಂಗ ಮಾಡಿ, 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆನಿಸಿದ ಗೋವಿಂದ ಪೈಗಳು ಅವರು. ಪದವಿಯನ್ನು ಅರ್ಧಕ್ಕೆ ಬಿಟ್ಟು ಬಂದವರ ಹೆಸರಿನಲ್ಲಿಯೇ ಇಂದು ಈ ಊರಿನ ಸರಕಾರಿ ಪದವಿ ಕಾಲೇಜು ನಿಂತಿದೆ. ಸಾಲದ ಕಂತನ್ನು ಮಾತ್ರ ಎಣಿಸುವ ತಂದೆತಾಯಂದಿರು ಆ ನಾಮಫಲಕವನ್ನು ಒಮ್ಮೆ ಓದಬೇಕು.

ಸೋಣದಿಂದ ಮೊದಲ್ಗೊಂಡು ನಮ್ಮಲ್ಲಿ ಅಷ್ಟಮಿ, ಚೌತಿ, ಓಣಂ, ತೆನೆಹಬ್ಬಗಳ ಸಾಲು. ಕೊಣಾಜೆ, ದೇರಳಕಟ್ಟೆಗಳ ವಿದ್ಯಾರ್ಥಿನಿಲಯಗಳಲ್ಲಿ ಆ ದಿನಗಳಂದು ಊರಿನ ಮಕ್ಕಳೆಲ್ಲ ಮನೆಗೆ ಹೋಗಿ, ವಿದೇಶೀಯ ವಿದ್ಯಾರ್ಥಿಗಳು ಮಾತ್ರ ಉಳಿಯುತ್ತಾರೆ. ಹಲವೆಡೆ ಅಡುಗೆಮನೆಗೂ ರಜೆ. ಆ ಒಂದು ಹೊತ್ತು ಒಬ್ಬಿಬ್ಬರನ್ನು ಊಟಕ್ಕೆ ಕರೆಯಲು ಗಡಿಯ ಎರಡು ಕಡೆಯ ಮನೆಗಳೂ ಮುಂದೆ ಬರಲಿ. ಕರೆಯಬಯಸುವವರ ಪಟ್ಟಿಯನ್ನು ವಿಶ್ವವಿದ್ಯಾನಿಲಯಗಳು ಮಾಡಿಡಲಿ. ಇದಕ್ಕೆ ಯುಜಿಸಿಯ ಸುತ್ತೋಲೆಯೂ ಬೇಕಾಗಿಲ್ಲ, ನ್ಯಾಯಾಲಯದ ಆದೇಶವೂ ಬೇಕಾಗಿಲ್ಲ.